ಬೇಡ ಎನ್ನುವ ಹಕ್ಕು: ಮನೋವಿಜ್ಞಾನ ಸಂಶೋಧನೆ ಮತ್ತು ಅದರಲ್ಲಿ ಪಾಲ್ಗೊಳ್ಳುವವರು

ಪ್ರಶ್ನೆ ಕೇಳುವವರು ಒಂದು ಕಡೆ, ಉತ್ತರ ಕೊಡುವವರು ಇನ್ನೊಂದು ಕಡೆ. ಮನುಷ್ಯರನ್ನು ಒಳಗೊಂಡ ಮನೋವಿಜ್ಞಾನ ಸಂಶೋಧನೆ ಎಲ್ಲೇ ನಡೆಯಲಿ, ಅದರ ಮೂಲ ಚಿತ್ರ ಇಷ್ಟೇ. ಕೇಳಿದವರಿಗೆ ಪಿಎಚ್.ಡಿ., ಪ್ರಕಟಿತ ಲೇಖನ, ಬಡ್ತಿ ಸಿಗುತ್ತದೆ. ಉತ್ತರ ಕೊಟ್ಟವರಿಗೆ ಬಹುಪಾಲು ಏನೂ ಸಿಗುವುದಿಲ್ಲ; ಒಮ್ಮೊಮ್ಮೆ ನಿದ್ದೆ, ಮರ್ಯಾದೆ, ಕೆಲಸ ಕಳೆದುಕೊಳ್ಳುವ ಪ್ರಸಂಗವೂ ಬರುತ್ತದೆ. ಈ ಏರುಪೇರನ್ನು ಹಿಡಿತದಲ್ಲಿಡಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ನಿಯಮ, ಸಮಿತಿ, ಕಾನೂನುಗಳನ್ನೆಲ್ಲ ಸೇರಿಸಿ ಸಂಶೋಧನಾ ನೀತಿ ಎನ್ನುತ್ತಾರೆ. ತಿಳಿದು ಕೊಡುವ ಒಪ್ಪಿಗೆ, ಗೋಪ್ಯತೆ, ಹಾನಿಯಿಂದ ರಕ್ಷಣೆ, ನಡುವೆಯೇ ಎದ್ದುಹೋಗುವ ಸ್ವಾತಂತ್ರ್ಯ, ಎಲ್ಲ ಮುಗಿದ ಮೇಲೆ ನಿಜ ತಿಳಿಯುವ ಹಕ್ಕು ಇದರ ಮುಖ್ಯ ಅಂಗಗಳು.

ಪಠ್ಯಪುಸ್ತಕದಲ್ಲಿ ಇವು ಸರಳವಾಗಿ ಕಾಣುತ್ತವೆ. ಪುಣೆಯ ಹಿಂಜವಾಡಿಯಂಥ ಕಡೆ ನಿಂತು ನೋಡಿದರೆ ತೊಡಕು ಗೊತ್ತಾಗುತ್ತದೆ.

ಹಿಂಜವಾಡಿಯ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಅನ್ನು ಬೆಳೆಸಿದ್ದು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ. ಇನ್ಫೋಸಿಸ್, ವಿಪ್ರೋ, ಟಿಸಿಎಸ್, ಕಾಗ್ನಿಜೆಂಟ್, ಟೆಕ್ ಮಹೀಂದ್ರಾದಂಥ ಕಂಪನಿಗಳ ಕಚೇರಿಗಳು ಮೂರು ಹಂತಗಳಲ್ಲಿ ಹರಡಿಕೊಂಡಿವೆ. ಪುಣೆ–ಬೆಂಗಳೂರು ಹೆದ್ದಾರಿ ಪಕ್ಕದ ವಾಕಡ್ ಮೂಲಕವೇ ಹಾದುಹೋಗುವುದರಿಂದ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಕನ್ನಡಿಗರು ಇಲ್ಲಿ ಎರಡು ಬಗೆಯಲ್ಲಿ ಸಿಗುತ್ತಾರೆ: ಗಾಜಿನ ಕಟ್ಟಡದೊಳಗೆ ಕೋಡ್ ಬರೆಯುವವರು, ಆ ಕಟ್ಟಡಗಳನ್ನು ಕಟ್ಟುವವರು. ಮನೋವಿಜ್ಞಾನ, ಮ್ಯಾನೇಜ್‌ಮೆಂಟ್, ಸಮಾಜಕಾರ್ಯ ಓದುವ ವಿದ್ಯಾರ್ಥಿಗಳಿಗೂ ಅವರ ಮಾರ್ಗದರ್ಶಕರಿಗೂ ಇಂಥ ಜಾಗ ಅನುಕೂಲದ್ದು. ಕೆಲಸದ ಒತ್ತಡ, ಬರ್ನ್‌ಔಟ್, ನಿದ್ರಾಹೀನತೆ, ಕೆಲಸ ಬಿಡುವ ಮನಸ್ಸು ಎಂದು ವಿಷಯಗಳಿಗೆ ಬರವಿಲ್ಲ. ಒಂದೇ ಆವರಣದಲ್ಲಿ ಸಾವಿರಾರು ಜನ ಸಿಗುತ್ತಾರೆ.

ಸಿಗುವ ದಾರಿ ಹೆಚ್ಚಾಗಿ ಒಂದೇ. ಪ್ರಶ್ನಾವಳಿಯ ಲಿಂಕ್ ಎಚ್‌ಆರ್ ವಿಭಾಗಕ್ಕೆ ಹೋಗುತ್ತದೆ, ಅಲ್ಲಿಂದ ಟೀಮ್ ಲೀಡರಿಗೆ, ಅವರಿಂದ ಟೀಮಿನ ವಾಟ್ಸ್‌ಆ್ಯಪ್ ಗುಂಪಿಗೆ. ‘ಭಾಗವಹಿಸುವುದು ನಿಮ್ಮ ಇಚ್ಛೆ’ ಎಂಬ ಸಾಲು ಮೊದಲ ಪುಟದಲ್ಲಿ ಇದ್ದೇ ಇರುತ್ತದೆ. ಆದರೆ ಲಿಂಕ್ ಕಳಿಸಿದವರೇ ವರ್ಷದ ಕೊನೆಗೆ ರೇಟಿಂಗ್ ಕೊಡುವವರು. ಸಂಜೆ ಅದೇ ಗುಂಪಿನಲ್ಲಿ ‘ಯಾರು ಯಾರು ಇನ್ನೂ ತುಂಬಿಲ್ಲ?’ ಎಂದು ಇನ್ನೊಂದು ಸಂದೇಶ ಬಂದರೆ ಆ ಸಾಲಿನ ಬೆಲೆ ಅಲ್ಲಿಗೆ ಮುಗಿಯಿತು. ಒಪ್ಪಿಗೆಯ ತೂಕ ಗೊತ್ತಾಗುವುದು ಸಹಿಯಿಂದ ಅಲ್ಲ, ಬೇಡ ಎಂದವರಿಗೆ ಏನಾಗುತ್ತದೆ ಎಂಬುದರಿಂದ. ಮನೋವಿಜ್ಞಾನದ ನೀತಿಚರಿತ್ರೆಯ ಪ್ರತಿ ಘಟ್ಟದಲ್ಲೂ ಇದೇ ಪ್ರಶ್ನೆ ಎದುರಾಗಿದೆ.

ಕಾರ್ಖಾನೆಯ ಕೋಣೆಯಿಂದ ಪ್ರಯೋಗಶಾಲೆಗೆ

ಕೆಲಸದ ಜಾಗದ ಮನೋವಿಜ್ಞಾನ ಎಂದರೆ ಎಲ್ಲರೂ ಮೊದಲು ನೆನೆಯುವುದು ಹಾಥಾರ್ನ್ ಅಧ್ಯಯನಗಳನ್ನು. ಷಿಕಾಗೋ ಪಕ್ಕದ ಸಿಸೆರೋದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಇವು ನಡೆದವು. ಟೆಲಿಫೋನಿನ ರಿಲೇ ಜೋಡಿಸುವ ಹೆಣ್ಣುಮಕ್ಕಳ ಚಿಕ್ಕ ಗುಂಪೊಂದನ್ನು 1927ರಲ್ಲಿ ಬೇರೆ ಕೋಣೆಗೆ ತಂದು ಕೂರಿಸಿದರು. ವಿರಾಮ, ಕೆಲಸದ ಅವಧಿ, ಕೂಲಿಯ ಲೆಕ್ಕವನ್ನು ಬದಲಿಸುತ್ತ ಬದಲಿಸುತ್ತ ಉತ್ಪಾದನೆ ಎಷ್ಟಾಯಿತೆಂದು ಬರೆದುಕೊಂಡರು. ಅವರು ಆಡುವ ಮಾತನ್ನೂ ಕೋಣೆಯಲ್ಲೇ ಕೂತ ವೀಕ್ಷಕರು ದಾಖಲಿಸುತ್ತಿದ್ದರು. ಯಾರೋ ಗಮನಿಸುತ್ತಿದ್ದಾರೆ ಎಂದಾಗ ಜನ ಹೆಚ್ಚು ಕೆಲಸ ಮಾಡುತ್ತಾರೆ ಎಂಬ ‘ಹಾಥಾರ್ನ್ ಪರಿಣಾಮ’ದ ಪಾಠವನ್ನು ಇವತ್ತಿಗೂ ಹೇಳಿಕೊಡುತ್ತಾರೆ. ಪಾಠದಲ್ಲಿ ಬರದೆ ಹೋಗುವ ಸಂಗತಿಯೊಂದಿದೆ: ಹೆಚ್ಚು ಮಾತಾಡುತ್ತಾರೆ, ಸಹಕರಿಸುವುದಿಲ್ಲ ಎಂದು 1928ರ ಜನವರಿಯಲ್ಲಿ ಇಬ್ಬರನ್ನು ಆ ಕೋಣೆಯಿಂದ ತೆಗೆದು ಬೇರೆ ಇಬ್ಬರನ್ನು ತಂದು ಕೂರಿಸಿದರು. ಪ್ರಯೋಗಕ್ಕೆ ಒಗ್ಗದವರನ್ನು ಮೇಲಿನವರು ಎತ್ತಿಡಬಲ್ಲ ಕಡೆ, ಉಳಿದವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯುವುದು ಕಷ್ಟ.

ಪ್ರಯೋಗಶಾಲೆಯ ಕಥೆಗಳು ಇದಕ್ಕಿಂತ ಪ್ರಸಿದ್ಧ. 1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ‘ಆಲ್ಬರ್ಟ್’ ಎಂಬ ಹಸುಳೆಗೆ ಬಿಳಿ ಇಲಿ ಕಂಡರೆ ಹೆದರುವಂತೆ ಕಲಿಸಿದರು. ಆ ಹೆದರಿಕೆಯನ್ನು ಬಿಡಿಸುವ ಗೋಜಿಗೆ ಹೋಗಲಿಲ್ಲ. 1939ರಲ್ಲಿ ಅಯೋವಾದ ಅನಾಥಾಲಯವೊಂದರ 22 ಮಕ್ಕಳ ಮೇಲೆ ವೆಂಡೆಲ್ ಜಾನ್ಸನ್ ಮಾರ್ಗದರ್ಶನದಲ್ಲಿ ತೊದಲಿನ ಪ್ರಯೋಗ ನಡೆಯಿತು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೂ ‘ನಿನ್ನ ಮಾತು ಸರಿಯಿಲ್ಲ’ ಎಂದು ಹೇಳಿ ಹೇಳಿ ಕುಗ್ಗಿಸಿದರು. ಸುಮಾರು ಏಳು ದಶಕದ ಮೇಲೆ, 2007ರಲ್ಲಿ, ಅಯೋವಾ ರಾಜ್ಯ ಅವರಲ್ಲಿ ಕೆಲವರಿಗೂ ಕೆಲವರ ವಾರಸುದಾರರಿಗೂ ಪರಿಹಾರ ಕೊಟ್ಟು ಮೊಕದ್ದಮೆ ಮುಗಿಸಿತು. ತಂದೆತಾಯಿ ಇಲ್ಲದ ಮಕ್ಕಳನ್ನೇ ಯಾಕೆ ಆರಿಸಿದರು ಎಂದು ಯಾರೂ ವಿವರಿಸಬೇಕಾಗಿಲ್ಲ.

ಸ್ಟ್ಯಾನ್ಲಿ ಮಿಲ್‌ಗ್ರಾಮ್ ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಆರಂಭಿಸಿದ ಆಜ್ಞಾಪಾಲನೆಯ ಪ್ರಯೋಗದಲ್ಲಿ, 40 ಜನರಲ್ಲಿ 26 ಮಂದಿ ಇನ್ನೊಬ್ಬನಿಗೆ 450 ವೋಲ್ಟಿನ ಆಘಾತ ಕೊಡುತ್ತಿದ್ದೇವೆಂದು ನಂಬಿ ಕೊನೆಯ ಗುಂಡಿಯವರೆಗೂ ಒತ್ತಿದರು. ಆಘಾತ ಸುಳ್ಳು, ಒತ್ತಿದವರ ಬೆವರು, ನಡುಕ ಸುಳ್ಳಲ್ಲ. 1964ರಲ್ಲಿ ಮನೋವಿಜ್ಞಾನಿ ಡಯಾನಾ ಬೌಮ್‌ರಿಂಡ್ ಎತ್ತಿದ ಆಕ್ಷೇಪ ಇಲ್ಲಿಗೇ ತಟ್ಟಿತು: ನಂಬಿ ಬಂದವರನ್ನು ಹೀಗೆ ನಡೆಸಿಕೊಳ್ಳಲು ಸಂಶೋಧಕರಿಗೆ ಅಧಿಕಾರ ಕೊಟ್ಟವರು ಯಾರು? 1971ರ ಆಗಸ್ಟಿನಲ್ಲಿ ಫಿಲಿಪ್ ಜಿಂಬಾರ್ಡೋ ಸ್ಟ್ಯಾನ್‌ಫರ್ಡಿನಲ್ಲಿ ನಡೆಸಿದ ಜೈಲಿನ ಪ್ರಯೋಗ ಎರಡು ವಾರ ನಡೆಯಬೇಕಿದ್ದದ್ದು ಆರು ದಿನಕ್ಕೇ ನಿಂತಿತು. ಹೊರಗಿನಿಂದ ಬಂದು ನೋಡಿದ ಕ್ರಿಸ್ಟೀನಾ ಮಾಸ್ಲಾಕ್ ಎಂಬ ಯುವ ಮನೋವಿಜ್ಞಾನಿ ತಡೆಯದೆ ಪ್ರತಿಭಟಿಸಿದ್ದು ಅದಕ್ಕೆ ಮುಖ್ಯ ಕಾರಣ. ಇದೇ ಮಾಸ್ಲಾಕ್ ಮುಂದೆ ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿದರು. ಐಟಿ ನೌಕರರ ದಣಿವನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಮಾಪನಗಳಲ್ಲಿ ಅದು ಮುಂಚೂಣಿಯದು. ಪ್ರಯೋಗವನ್ನು ನಿಲ್ಲಿಸಿ ಎಂದು ಗಟ್ಟಿಯಾಗಿ ಹೇಳಿದವರೇ ಆ ಮಾಪನವನ್ನೂ ಕೊಟ್ಟರು ಎಂಬುದನ್ನು ಅದನ್ನು ಬಳಸುವ ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಒಳ್ಳೆಯದು.

ನಿಯಮಗಳು ಈ ನೋವುಗಳ ಬೆನ್ನಿಗೆ ಬಂದವು. ನಾಜಿ ವೈದ್ಯರ ವಿಚಾರಣೆಯಿಂದ 1947ರ ನ್ಯೂರೆಂಬರ್ಗ್ ಸಂಹಿತೆ ಹುಟ್ಟಿತು. 1964ರಲ್ಲಿ ವೈದ್ಯಕೀಯ ಸಂಶೋಧನೆಗೆ ಹೆಲ್ಸಿಂಕಿ ಘೋಷಣೆ ಬಂತು, ಅದರ ಇತ್ತೀಚಿನ ಪರಿಷ್ಕರಣೆ 2024ರದು. ಟಸ್ಕೀಗಿಯಲ್ಲಿ ಕಪ್ಪು ಜನರ ಸಿಫಿಲಿಸ್ ರೋಗಕ್ಕೆ ನಾಲ್ಕು ದಶಕ ಚಿಕಿತ್ಸೆ ಕೊಡದೆ ಬರೀ ನೋಡುತ್ತ ಕೂತದ್ದು 1972ರಲ್ಲಿ ಬಯಲಾದ ಮೇಲೆ ಅಮೆರಿಕದಲ್ಲಿ 1979ರ ಬೆಲ್ಮಾಂಟ್ ವರದಿ ಬಂತು. ವ್ಯಕ್ತಿಗೆ ಗೌರವ, ಒಳಿತು, ನ್ಯಾಯ ಎಂಬ ಅದರ ಮೂರು ಸೂತ್ರಗಳ ಮೇಲೆಯೇ ಇಂದಿನ ಬಹುಪಾಲು ಸಂಹಿತೆಗಳು ನಿಂತಿವೆ.

ಮೈಸೂರಿನ ಮಕ್ಕಳು

ಕನ್ನಡ ನಾಡಿನಲ್ಲಿ ಮನೋವಿಜ್ಞಾನದ ಬೇರು ಹಳೆಯದು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಬಾನುಲಿ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ವೃತ್ತಿಯಿಂದ ಮನೋವಿಜ್ಞಾನದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಓದಿ ಬಂದವರು. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪ ಪಡೆಯುವ ಎಷ್ಟೋ ಮೊದಲೇ, 1950ರ ದಶಕದಲ್ಲಿ, ಅಲ್ಲಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕ್ಲಿನಿಕಲ್ ಮನೋವಿಜ್ಞಾನದ ತರಬೇತಿ ಶುರುವಾಗಿತ್ತು.

ಪಾಲ್ಗೊಂಡವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ವಿಷಯಕ್ಕೆ ಹತ್ತಿರದಿಂದ ನೋಡಬೇಕಾದ ಅಧ್ಯಯನವೂ ಮೈಸೂರಿನದೇ. 1997–98ರಲ್ಲಿ ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಗೆ, ಬಂದ ಗರ್ಭಿಣಿಯರಿಂದ ಶುರುವಾದ ‘ಪಾರ್ಥೆನಾನ್’ ಅಧ್ಯಯನ ಅವರ ಮಕ್ಕಳನ್ನು ಹುಟ್ಟಿದಂದಿನಿಂದ ಬೆನ್ನುಹತ್ತಿ ನೋಡಿತು. ಮಕ್ಕಳಿಗೆ ಹದಿಮೂರು ದಾಟಿದಾಗ ಜಿ.ವಿ. ಕೃಷ್ಣವೇಣಿ ಮತ್ತು ಸಹೋದ್ಯೋಗಿಗಳು ಅವರಲ್ಲಿ 270ಕ್ಕೂ ಹೆಚ್ಚು ಮಂದಿಗೆ ಟ್ರಯರ್ ಒತ್ತಡ ಪರೀಕ್ಷೆಯನ್ನು ಮಾಡಿದರು. ಜರ್ಮನಿಯ ಟ್ರಯರ್ ನಗರದಲ್ಲಿ 1993ರಲ್ಲಿ ರೂಪುಗೊಂಡ ಈ ಪರೀಕ್ಷೆ ಒತ್ತಡವನ್ನು ಬೇಕೆಂದೇ ಹುಟ್ಟಿಸುತ್ತದೆ. ಮಗು ಗುರುತಿಲ್ಲದ ಇಬ್ಬರು ‘ಪರೀಕ್ಷಕ’ರ ಎದುರು ನಿಂತು ಐದು ನಿಮಿಷ ಮಾತಾಡಬೇಕು, ಆಮೇಲೆ ಐದು ನಿಮಿಷ ಬಾಯಿಲೆಕ್ಕ ಮಾಡಬೇಕು. ನಡುನಡುವೆ ಎಂಜಲಿನ ಮಾದರಿ ತೆಗೆದು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಎಷ್ಟು ಏರಿತೆಂದು ನೋಡುತ್ತಾರೆ. ಎದೆಬಡಿತ, ರಕ್ತದೊತ್ತಡವನ್ನೂ ಅಳೆಯುತ್ತಾರೆ.

ಮಗುವನ್ನು ಗೊತ್ತಿದ್ದೂ ಗೊತ್ತಿದ್ದೂ ಗಾಬರಿಪಡಿಸುವುದು ತಪ್ಪಲ್ಲವೇ? ನೀತಿ ಸಮಿತಿಗಳು ಇಂಥ ಕಡೆ ಕೇಳುವುದು ಮೂರು ನಾಲ್ಕು ನೇರ ಪ್ರಶ್ನೆ. ಈ ಗಾಬರಿ ಶಾಲೆಯಲ್ಲಿ ಎದ್ದು ನಿಂತು ಪಾಠ ಒಪ್ಪಿಸುವಾಗಿನದಕ್ಕಿಂತ ಹೆಚ್ಚಿನದೇ? ತಂದೆತಾಯಿಗೆ ಮುಂಚೆಯೇ ಹೇಳಿದ್ದಾರೆಯೇ? ಮಗು ಸಾಕು ಎಂದರೆ ನಿಲ್ಲಿಸುತ್ತಾರೆಯೇ? ಮುಗಿದ ಮೇಲೆ ಮಗು ಯಾವ ಮನಸ್ಥಿತಿಯಲ್ಲಿ ಮನೆಗೆ ಹೋಗುತ್ತದೆ? ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಮಗುವನ್ನು ಕೂರಿಸಿಕೊಂಡು, ‘ಇದು ಎಲ್ಲರಿಗೂ ಕಷ್ಟವಾಗಲೆಂದೇ ಮಾಡಿದ ಪರೀಕ್ಷೆ, ನಿನ್ನ ಜಾಣತನಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂದು ಅದರ ಭಾಷೆಯಲ್ಲಿ ತಿಳಿಹೇಳುವುದು ಈ ವಿಧಾನದ ಭಾಗ. ಆ ಮಾತು ಬಿಟ್ಟುಹೋದರೆ ಹದಿಮೂರರ ಹುಡುಗಿಯೊಬ್ಬಳು ‘ನನಗೆ ಲೆಕ್ಕ ಬರುವುದಿಲ್ಲ’ ಎಂಬ ತೀರ್ಮಾನ ಹೊತ್ತು ಮನೆಗೆ ಹೋಗಬಹುದು. ವರ್ಷಗಟ್ಟಲೆ ನಡೆಯುವ ಇಂಥ ಅಧ್ಯಯನಕ್ಕೆ ಇನ್ನೊಂದು ಕಟ್ಟುಪಾಡೂ ಇದೆ. ಒಮ್ಮೆ ನೊಂದ ಕುಟುಂಬ ಮತ್ತೆ ಕರೆದರೆ ಬರುವುದಿಲ್ಲ. ಎರಡು ದಶಕ ದಾಟಿಯೂ ಜನ ಬರುತ್ತಾರೆಂದರೆ ಅವರನ್ನು ನಡೆಸಿಕೊಂಡ ರೀತಿಯಲ್ಲಿ ಹುರುಳಿದೆ ಎಂದೇ ಅರ್ಥ.

ಭಾರತದ ನಿಯಮವೂ ಮಕ್ಕಳ ಮಾತಿಗೆ ಜಾಗ ಕೊಟ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1980ರಲ್ಲಿ ಮೊದಲ ನೀತಿ ಹೇಳಿಕೆ ಹೊರಡಿಸಿ, 2000 ಮತ್ತು 2006ರಲ್ಲಿ ಮಾರ್ಗಸೂಚಿ ತಂದು, 2017ರಲ್ಲಿ ಸಾಮಾಜಿಕ ಮತ್ತು ವರ್ತನಾ ಸಂಶೋಧನೆಗೂ ಅಧ್ಯಾಯ ಮೀಸಲಿಟ್ಟ ರಾಷ್ಟ್ರೀಯ ಮಾರ್ಗಸೂಚಿ ಪ್ರಕಟಿಸಿತು. ಅದರಂತೆ ಪೋಷಕರ ಒಪ್ಪಿಗೆ ಇದ್ದರೂ ಏಳು ವರ್ಷ ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿ ಬೇಕು, ಹನ್ನೆರಡು ದಾಟಿದರೆ ಬರಹದಲ್ಲಿ ಬೇಕು. ಅಪ್ಪ ಸಹಿ ಹಾಕಿದ ಮಾತ್ರಕ್ಕೆ ಮಗಳು ಕೂರಲೇಬೇಕು ಎಂದಿಲ್ಲ. ಹದಿಹರೆಯದವರ ಅಧ್ಯಯನದಲ್ಲಿ ಇನ್ನೊಂದು ಇಕ್ಕಟ್ಟಿದೆ: 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಯಾರೇ ಆದರೂ ವರದಿ ಮಾಡಬೇಕು. ‘ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ’ ಎಂದು ಸಂಶೋಧಕರು ಮಾತು ಕೊಟ್ಟುಬಿಟ್ಟರೆ ಅದನ್ನು ಉಳಿಸಿಕೊಳ್ಳಲಾಗದ ದಿನ ಬರಬಹುದು. ಗುಟ್ಟಿನ ಗಡಿ ಎಲ್ಲಿದೆ ಎಂಬುದನ್ನು ಮೊದಲ ಪ್ರಶ್ನೆಗಿಂತ ಮುಂಚೆ ಹೇಳುವುದೊಂದೇ ದಾರಿ.

ಕಂಪನಿಯೇ ಪ್ರಯೋಗಶಾಲೆಯಾದಾಗ

ಹಿಂಜವಾಡಿಯ ಜನಕ್ಕೆ ನೇರವಾಗಿ ತಾಗುವ ಅಧ್ಯಯನಗಳು ಭಾರತದ ಕಂಪನಿಗಳ ಒಳಗೇ ನಡೆದಿವೆ. ಡೇನಿಯಲ್ ಕೇಬಲ್, ಫ್ರಾನ್ಚೆಸ್ಕಾ ಜೀನೋ, ಬ್ರ್ಯಾಡ್ಲಿ ಸ್ಟಾಟ್ಸ್ ವಿಪ್ರೋದ ಬಿಪಿಒ ವಿಭಾಗದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೊಸದಾಗಿ ಸೇರಿದ 605 ನೌಕರರದು. ಮೊದಲ ದಿನದ ತರಬೇತಿಯಲ್ಲಿ ಒಂದು ತಂಡಕ್ಕೆ ತಮ್ಮ ಸ್ವಂತ ಶಕ್ತಿಯ ಬಗ್ಗೆ ಯೋಚಿಸಿ ಹೇಳಲು ಬಿಟ್ಟು, ಅವರವರ ಹೆಸರಿದ್ದ ಸ್ವೆಟ್‌ಶರ್ಟ್ ಕೊಟ್ಟರು. ಇನ್ನೊಂದು ತಂಡಕ್ಕೆ ಕಂಪನಿಯ ಹಿರಿಮೆ ಹೇಳಿ ಕಂಪನಿಯ ಹೆಸರಿದ್ದ ಸ್ವೆಟ್‌ಶರ್ಟ್ ಕೊಟ್ಟರು. ಮೂರನೆಯದಕ್ಕೆ ಮಾಮೂಲಿ ತರಬೇತಿ. ಮುಂದಿನ ತಿಂಗಳುಗಳಲ್ಲಿ ಯಾರು ಕೆಲಸ ಬಿಟ್ಟರು, ಯಾರ ಗ್ರಾಹಕರು ತೃಪ್ತರಾದರು ಎಂದು ನೋಡಿದಾಗ ಸ್ವಂತ ಹೆಸರಿನ ತಂಡವೇ ಮುಂದಿತ್ತು.

ಇದರಿಂದ ಯಾರಿಗೂ ಕೇಡಾಗಲಿಲ್ಲ. ಫಲಿತಾಂಶ ನೌಕರರಿಗೆ ಒಳ್ಳೆಯದನ್ನೇ ಹೇಳುತ್ತದೆ. ಆದರೂ ಇಂಥ ಅಧ್ಯಯನದ ನೀತಿ ಸುಲಭದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಯಾವ ಹುಡುಗ ‘ನಾನು ಈ ತಂಡದಲ್ಲಿ ಕೂರುವುದಿಲ್ಲ’ ಎಂದಾನು? ಪ್ರಯೋಗ ನಡೆಯುತ್ತಿದೆ ಎಂದು ಮೊದಲೇ ಹೇಳಿದರೆ ಜನ ಬೇರೆಯಾಗಿ ನಡೆದುಕೊಂಡು ಫಲಿತಾಂಶ ಕೆಡುತ್ತದೆ. ಹೇಳದಿದ್ದರೆ ಒಪ್ಪಿಗೆ ಇಲ್ಲ. ಅಪಾಯ ತೀರಾ ಕಡಿಮೆ ಇದ್ದು, ಒಪ್ಪಿಗೆ ಕೇಳಿದರೆ ಅಧ್ಯಯನವೇ ಸಾಧ್ಯವಾಗದು ಎಂದಾದರೆ ಸಮಿತಿಗಳು ವಿನಾಯಿತಿ ಕೊಡಬಹುದು ಎಂದು ಸಂಹಿತೆಗಳು ಹೇಳುತ್ತವೆ. ಆ ವಿನಾಯಿತಿಗೆ ಪ್ರತಿಯಾಗಿ ನೌಕರರಿಗೆ ಒಂದು ಬಾಕಿ ಸಲ್ಲಬೇಕು: ನಡೆದದ್ದೇನು, ನಿಮ್ಮ ಮಾಹಿತಿ ಎಲ್ಲಿ ಹೋಯಿತು, ಕಂಡುಬಂದದ್ದೇನು ಎಂಬ ಸ್ಪಷ್ಟ ವಿವರಣೆ. ಭಾರತದ ಕಚೇರಿಗಳಲ್ಲಿ ಬಹಳ ಸಲ ತಪ್ಪಿಹೋಗುವ ಹಂತ ಇದೇ.

ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳ ನಡುವೆ ನಡೆದ ಒಂದು ಅಧ್ಯಯನ ಬೇರೆ ದಾರಿ ತೋರಿಸಿತು. ಶಾಹಿ ಎಕ್ಸ್‌ಪೋರ್ಟ್ಸ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಷಾಧಮ್ ಸಂವಹನ, ಸಮಯ ನಿರ್ವಹಣೆಯಂಥ ಕೌಶಲಗಳ ತರಬೇತಿಯ ಪರಿಣಾಮ ಅಳೆದಾಗ, ಮೊದಲು ಆಸಕ್ತಿ ಇರುವವರೇ ಹೆಸರು ಕೊಡಬೇಕಿತ್ತು; ಸೀಟು ಕಡಿಮೆಯಿದ್ದದ್ದರಿಂದ ಅವರಲ್ಲಿ ಚೀಟಿ ಎತ್ತಿ ಆರಿಸಿದರು. ಬೇಕೆಂದು ಬಂದವರಲ್ಲಿ ಚೀಟಿ ಎತ್ತುವುದು ನ್ಯಾಯದ ಸೂತ್ರಕ್ಕೆ ಹತ್ತಿರದ್ದು. ಸೂಪರ್‌ವೈಸರ್ ಬೆರಳು ತೋರಿಸಿ ಆರಿಸುವುದಕ್ಕೂ ಇದಕ್ಕೂ ಅಜಗಜಾಂತರ. ಮುಂದೆ ಇದೇ ವಲಯದಲ್ಲಿ, ಕೂಲಿ ಏರಿಕೆ ನಿರೀಕ್ಷೆಗಿಂತ ಕಡಿಮೆಯಾದ ಮೇಲೆ ಕೆಲವರಿಗೆ ತಮ್ಮ ಹೆಸರು ಹೇಳದೆ ಅಭಿಪ್ರಾಯ ತಿಳಿಸಲು ಅವಕಾಶ ಕೊಟ್ಟಾಗ, ಅವರಲ್ಲಿ ಕೆಲಸ ಬಿಡುವವರು ಕಡಿಮೆಯಾದರು. ಹೆಸರು ಗುಟ್ಟಾಗಿರುತ್ತದೆ ಎಂಬ ನಂಬಿಕೆ ಇಲ್ಲದಿದ್ದರೆ ಈ ಅಧ್ಯಯನವೇ ಇರುತ್ತಿರಲಿಲ್ಲ.

ಆ ನಂಬಿಕೆ ಮುರಿಯುವುದು ಎಷ್ಟು ಸುಲಭ ಎಂಬುದನ್ನು ಹಿಂಜವಾಡಿಯ ಒಂದು ಸಾಮಾನ್ಯ ಫಾರ್ಮ್ ನೋಡಿದರೆ ಸಾಕು. ಹೆಸರು ಕೇಳುವುದಿಲ್ಲ. ವಯಸ್ಸು, ಲಿಂಗ, ಮದುವೆ, ಊರು, ಎಷ್ಟು ವರ್ಷದ ಅನುಭವ, ಯಾವ ಟೀಮ್ ಎಂದು ಕೇಳುತ್ತಾರೆ. ಎಂಟು ಜನರ ಟೀಮಿನಲ್ಲಿ ನಲವತ್ತು ದಾಟಿದ, ಕಲಬುರಗಿಯ, ಮದುವೆಯಾದ ಹೆಂಗಸು ಒಬ್ಬರೇ ಇದ್ದರೆ ಹೆಸರು ಬರೆಯುವ ಅಗತ್ಯವೇ ಇಲ್ಲ. ಅವರು ‘ಮ್ಯಾನೇಜರ್ ಅವಮಾನಿಸುತ್ತಾರೆ’ ಎಂಬ ಸಾಲಿಗೆ ಗುರುತು ಹಾಕಿದ್ದರೆ, ಕಚ್ಚಾ ಹಾಳೆ ಎಚ್‌ಆರ್ ಕೈ ಸೇರಿದ ಗಳಿಗೆಯಲ್ಲೇ ಅದು ಯಾರೆಂದು ಗೊತ್ತಾಗುತ್ತದೆ. ಅನುಮತಿ ಕೊಟ್ಟ ಋಣಕ್ಕೆ ‘ಡೇಟಾ ನಮಗೂ ಕೊಡಿ’ ಎಂದು ಕಂಪನಿ ಕೇಳುವುದು ಅಪರೂಪವಲ್ಲ. ಬಿಡಿ ಉತ್ತರ ಯಾರಿಗೂ ಕೊಡುವುದಿಲ್ಲ, ಹತ್ತಕ್ಕಿಂತ ಕಡಿಮೆ ಜನರ ಗುಂಪನ್ನು ಬೇರೆಯಾಗಿ ತೋರಿಸುವುದಿಲ್ಲ ಎಂಬ ಕರಾರನ್ನು ಸಂಶೋಧಕರು ಮೊದಲ ಭೇಟಿಯಲ್ಲೇ ಬರಹದಲ್ಲಿ ಮಾಡಿಕೊಳ್ಳಬೇಕು. ಆಮೇಲೆ ಕೇಳಿದರೆ ನಡೆಯುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಖಿನ್ನತೆಯ ಪ್ರಶ್ನಾವಳಿಗಳದು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಯ ಮಾಪನ ಉಚಿತವಾಗಿ ಸಿಗುವುದರಿಂದ ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಅದರ ಒಂಬತ್ತನೆಯ ಪ್ರಶ್ನೆ, ಸತ್ತುಹೋದರೆ ಚೆನ್ನಾಗಿತ್ತು ಅಥವಾ ಹೇಗಾದರೂ ನೋವು ಮಾಡಿಕೊಳ್ಳಬೇಕು ಎಂಬ ಯೋಚನೆ ಕಳೆದ ಎರಡು ವಾರದಲ್ಲಿ ಎಷ್ಟು ಸಲ ಬಂದಿದೆ ಎಂದು ಕೇಳುತ್ತದೆ. ರಾತ್ರಿ ಎರಡು ಗಂಟೆಗೆ ಯಾರೋ ‘ಹೆಚ್ಚುಕಡಿಮೆ ದಿನಾ’ ಎಂದು ಗುರುತಿಸಿ ಫಾರ್ಮ್ ಕಳಿಸುತ್ತಾರೆ. ಸಂಶೋಧಕ ವಿದ್ಯಾರ್ಥಿ ಅದನ್ನು ತೆರೆದು ನೋಡುವುದು ಮೂರು ವಾರದ ನಂತರ, ಎಕ್ಸೆಲ್ ಹಾಳೆಯಲ್ಲಿ ‘3’ ಎಂಬ ಅಂಕಿಯಾಗಿ. ಹೆಸರಿಲ್ಲ, ಫೋನಿಲ್ಲ, ಕರೆಯಲು ದಾರಿಯಿಲ್ಲ. ಗೋಪ್ಯತೆಗಾಗಿ ಮಾಡಿದ ವ್ಯವಸ್ಥೆಯೇ ಸಹಾಯಕ್ಕೆ ಅಡ್ಡ ನಿಂತಿತು. ಆ ಪ್ರಶ್ನೆಯನ್ನು ಕೇಳುವುದಾದರೆ ಉತ್ತರ ಬಂದ ಕ್ಷಣದಲ್ಲೇ ಏನು ಮಾಡಬೇಕೆಂಬ ಸಿದ್ಧತೆ ಇರಬೇಕು: ಆ ಪರದೆಯ ಮೇಲೆಯೇ ಸಹಾಯವಾಣಿಯ ಸಂಖ್ಯೆ, ಇಷ್ಟವಿದ್ದವರು ಫೋನ್ ನಂಬರ್ ಬಿಡಲು ಬೇರೆ ಜಾಗ, ದಿನಾ ನೋಡಿ ಕರೆ ಮಾಡುವ ತರಬೇತಿ ಪಡೆದ ಒಬ್ಬ ವ್ಯಕ್ತಿ. ಇಷ್ಟು ಇಲ್ಲದಿದ್ದರೆ ಆ ಪ್ರಶ್ನೆಯನ್ನು ಬಿಟ್ಟು ಉಳಿದ ಎಂಟನ್ನು ಮಾತ್ರ ಕೇಳುವ ರೂಪವೂ ಇದೆ, ಅದನ್ನೇ ಬಳಸುವುದು ಲೇಸು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ; 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡ, ಮರಾಠಿ ಎರಡರಲ್ಲೂ ಮಾತಾಡಬಹುದು.

ಹಿಂಜವಾಡಿಯ ಎಂಜಿನಿಯರುಗಳು ಪ್ರಯೋಗಕ್ಕೆ ಒಳಗಾಗುವವರಷ್ಟೇ ಅಲ್ಲ, ಪ್ರಯೋಗದ ಯಂತ್ರಗಳನ್ನು ಕಟ್ಟುವವರೂ ಹೌದು. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ 6,89,003 ಬಳಕೆದಾರರ ಪುಟದಲ್ಲಿ ಸಂತಸದ ಅಥವಾ ದುಃಖದ ಪೋಸ್ಟುಗಳನ್ನು ಕಡಿಮೆ ಮಾಡಿ, ಅವರು ಬರೆಯುವ ಮಾತು ಬದಲಾಗುತ್ತದೆಯೇ ಎಂದು ನೋಡಿತು. ಅವರಲ್ಲಿ ಯಾರಿಗೂ ಹೇಳಿರಲಿಲ್ಲ. 2014ರಲ್ಲಿ ಅಧ್ಯಯನ ಪ್ರಕಟವಾಗಿ ಗದ್ದಲ ಎದ್ದಾಗ, ಪ್ರಕಟಿಸಿದ ಪತ್ರಿಕೆಯೇ ಕಳವಳ ಸೂಚಿಸಿ ಟಿಪ್ಪಣಿ ಹಾಕಿತು. ಫೇಸ್‌ಬುಕ್ ಬಳಕೆದಾರರ ಮಾಹಿತಿ ಸೋರಿದ ಕೇಂಬ್ರಿಜ್ ಅನಲಿಟಿಕಾ ಹಗರಣ 2018ರಲ್ಲಿ ಹೊರಬಂದಾಗ ಭಾರತದ ಲೆಕ್ಕವೂ ಸಿಕ್ಕಿತು: ಮಾಹಿತಿ ಸಂಗ್ರಹಿಸಿದ ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಅನ್ನು ಇಲ್ಲಿ ಹಾಕಿಕೊಂಡವರು 335 ಜನ, ಅವರ ಸ್ನೇಹಿತರೆಂಬ ಕಾರಣಕ್ಕೆ ಮಾಹಿತಿ ಸೋರಿರಬಹುದಾದವರು ಸುಮಾರು 5.62 ಲಕ್ಷ. ಒಬ್ಬರ ‘ಹೂಂ’ ಇನ್ನೊಬ್ಬರ ಬದುಕನ್ನು ಹೇಗೆ ಬಿಟ್ಟುಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ನ್ಯಾಯಾಲಯದ ಮಾತು

ಮನಸ್ಸಿನ ಪರೀಕ್ಷೆಗೆ ಒಪ್ಪಿಗೆ ಬೇಕೇ ಎಂಬ ಪ್ರಶ್ನೆ ಭಾರತದಲ್ಲಿ ಅತ್ಯಂತ ಖಚಿತವಾಗಿ ತೀರ್ಮಾನವಾದದ್ದು ಪೊಲೀಸ್ ತನಿಖೆಯ ಸಂದರ್ಭದಲ್ಲಿ, ಅದೂ ಕರ್ನಾಟಕದ ಪ್ರಕರಣದಿಂದ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮಿದುಳಿನ ವಿದ್ಯುತ್ ಅಲೆ ಅಳೆಯುವ ಪರೀಕ್ಷೆಗಳನ್ನು ಇಷ್ಟವಿಲ್ಲದವರ ಮೇಲೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಇದರ ಹಿನ್ನೆಲೆಯಲ್ಲಿ ಪುಣೆಯೂ ಇದೆ. ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಸಿ.ಆರ್. ಮುಕುಂದನ್ ರೂಪಿಸಿದ ಮಿದುಳಿನ ಪರೀಕ್ಷೆಯನ್ನು ಆಧಾರಗಳಲ್ಲಿ ಒಂದಾಗಿ ಪರಿಗಣಿಸಿ 2008ರಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಶಿಕ್ಷೆ ವಿಧಿಸಿತ್ತು. ಅದೇ ಪರೀಕ್ಷೆಗೆ ವೈಜ್ಞಾನಿಕ ಆಧಾರ ಸಾಲದು, ಸಾಕ್ಷ್ಯವಾಗಿ ಬಳಸಬಾರದು ಎಂದು ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿಯೇ ಹೇಳಿತು. ಸಂಶೋಧನೆಯ ಹಂತ ದಾಟದ ವಿಧಾನವೊಂದನ್ನು ಮನುಷ್ಯನ ಬದುಕು ತೀರ್ಮಾನಿಸಲು ಬಳಸಿದರೆ, ಆ ಮನುಷ್ಯ ತನಗೇ ಗೊತ್ತಿಲ್ಲದೆ ಪ್ರಯೋಗಕ್ಕೆ ಒಳಗಾದಂತೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 99ನೇ ಕಲಮು ಸಂದರ್ಶನದ ಸಂಶೋಧನೆಗೂ ಮಾನಸಿಕ ಕಾಯಿಲೆ ಇರುವವರ ಮುಕ್ತ ಒಪ್ಪಿಗೆ ಕಡ್ಡಾಯ ಮಾಡಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಆರೋಗ್ಯ ಸಂಶೋಧನೆಯ ನೀತಿ ಸಮಿತಿಗಳು ನೋಂದಣಿ ಆಗಬೇಕೆಂದವು. ಕಚೇರಿಯಲ್ಲಿ ಕೆಲಸದ ತೃಪ್ತಿ ಅಳೆಯುವ ಎಂಬಿಎ ಪ್ರಾಜೆಕ್ಟ್ ಇವೆರಡರ ಬಲೆಗೂ ಸುಲಭವಾಗಿ ಬೀಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ, ಆದರೆ ಆ ಮಾಹಿತಿಯಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು ಎಂಬ ಷರತ್ತಿನ ಮೇಲೆ. ಸಮೀಕ್ಷೆಯ ಉತ್ತರ ನೋಡಿ ಯಾರದೋ ರೇಟಿಂಗ್ ಬದಲಿಸಿದರೆ ಆ ವಿನಾಯಿತಿ ಅಲ್ಲಿಗೆ ಕಡಿದುಹೋಗುತ್ತದೆ. ಈ ಷರತ್ತು ಪ್ರತಿ ಎಚ್‌ಆರ್ ವಿಭಾಗಕ್ಕೆ ತಿಳಿದಿರಬೇಕು.

ಹೆಬ್ಬೆಟ್ಟಿನ ಒಪ್ಪಿಗೆ

ಇನ್ನು ಕಟ್ಟಡ ಕಟ್ಟುವವರು. ಪುಣೆಯ ನಿರ್ಮಾಣ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಕುಟುಂಬ ಸಮೇತ ಬಂದವರು ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ತಾಯ್ತನದ ಖಿನ್ನತೆ, ಕುಡಿತ, ಮಕ್ಕಳ ಬೆಳವಣಿಗೆಯ ಅಧ್ಯಯನಕ್ಕೆ ಬರುವವರು ತರುವ ಒಪ್ಪಿಗೆ ಪತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಇದ್ದರೆ ಯಾದಗಿರಿಯ ಹೆಂಗಸಿಗೆ ಅದು ಬರೀ ಕಾಗದ. ತಾಂಡಾದಿಂದ ಬಂದವರ ಮನೆಮಾತು ಲಂಬಾಣಿ. ಅವರಿಗೆ ಅಚ್ಚಗನ್ನಡದ ಪತ್ರವೂ ಸಾಲದು. ಐಸಿಎಂಆರ್ ಮಾರ್ಗಸೂಚಿ ಇದಕ್ಕೆ ದಾರಿ ಹೇಳುತ್ತದೆ: ಓದುಬರಹ ಬಾರದವರಿಗೆ ಅವರ ಮಾತಿನಲ್ಲೇ ಓದಿ ಹೇಳಬೇಕು, ಸಂಶೋಧನೆಗೆ ಸಂಬಂಧವಿಲ್ಲದ ಓದು ಬಲ್ಲ ಸಾಕ್ಷಿ ಪಕ್ಕದಲ್ಲಿರಬೇಕು, ಆಮೇಲೆ ಹೆಬ್ಬೆಟ್ಟು. ಆ ಸಾಕ್ಷಿ ಮುಕಾದಮನೇ ಆಗಿಬಿಟ್ಟರೆ ಎಲ್ಲ ಕೆಟ್ಟಿತು. ಕೂಲಿ ಕೊಡುವ ಕೈ ಎದುರಿಗಿದ್ದಾಗ ಬೇಡ ಎನ್ನುವ ಬಾಯಿ ಯಾವುದು?

ದುಡ್ಡಿನ ಪ್ರಶ್ನೆಯೂ ಇಲ್ಲಿ ಬರುತ್ತದೆ. ಎರಡು ಗಂಟೆ ಸಂದರ್ಶನಕ್ಕೆ ಕೂತರೆ ಅರ್ಧ ದಿನದ ಕೂಲಿ ಹೋಗುತ್ತದೆ. ಅದನ್ನು ತುಂಬಿಕೊಡುವುದು ನ್ಯಾಯ. ಆಸೆ ಹುಟ್ಟಿಸುವಷ್ಟು ಕೊಟ್ಟರೆ, ಹೇಳಲು ಮನಸ್ಸಿಲ್ಲದ್ದನ್ನೂ ಹೇಳಿಸಿದಂತಾಗುತ್ತದೆ. ಎಷ್ಟು ಕೊಡುವುದು ಎಂಬುದನ್ನು ಸಮಿತಿಯ ಮುಂದೆಯೇ ತೀರ್ಮಾನಿಸಬೇಕು ಎಂಬ ನಿಯಮ ಇರುವುದು ಇದಕ್ಕೇ.

ಆ ಸಮಿತಿಯಲ್ಲಿ ಏಳರಿಂದ ಹದಿನೈದು ಜನ ಇರುತ್ತಾರೆ. ಅಧ್ಯಕ್ಷರು ಸಂಸ್ಥೆಯ ಹೊರಗಿನವರೇ ಆಗಬೇಕು. ವೈದ್ಯರು, ಕಾನೂನು ಬಲ್ಲವರು, ಸಮಾಜವಿಜ್ಞಾನಿಗಳ ಜೊತೆಗೆ ‘ಸಾಮಾನ್ಯ ಸದಸ್ಯ’ ಎಂಬ ಸ್ಥಾನವೊಂದಿದೆ. ವೈದ್ಯಕೀಯಕ್ಕೆ ಸಂಬಂಧವಿಲ್ಲದ, ಸ್ಥಳೀಯ ಭಾಷೆ ಮತ್ತು ರೂಢಿ ಗೊತ್ತಿರುವ ಯಾರಾದರೂ ಅಲ್ಲಿ ಕೂರಬಹುದು: ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿದ್ದವರು, ಸಂಘದ ಕೆಲಸ ಮಾಡಿದ ಗೃಹಿಣಿ. ಒಪ್ಪಿಗೆ ಪತ್ರವನ್ನು ಜನ ಓದುವ ಹಾಗೆ ಓದಿ, ‘ಈ ಸಾಲು ನನಗೇ ಅರ್ಥವಾಗಲಿಲ್ಲ, ಅವರಿಗೆ ಹೇಗೆ ಆದೀತು?’ ಎಂದು ಕೇಳುವುದು ಅವರ ಮುಖ್ಯ ಕೆಲಸ. ಪುಣೆಯಲ್ಲಿ ಕನ್ನಡದ ಕೂಲಿಕಾರರ ನಡುವೆ ಅಧ್ಯಯನಕ್ಕೆ ಹೊರಡುವ ಸಂಸ್ಥೆಯ ಸಮಿತಿಯಲ್ಲಿ ಆ ಕುರ್ಚಿಗೆ ಕನ್ನಡ, ಸಾಧ್ಯವಾದರೆ ಲಂಬಾಣಿಯನ್ನೂ ಬಲ್ಲ ಒಬ್ಬರನ್ನು ಹುಡುಕುವುದು ಕಷ್ಟವೇನಲ್ಲ. ಊರಲ್ಲಿ ಕನ್ನಡ ಸಂಘವಿದೆ, ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರಿದ್ದಾರೆ, ಕೇಳಿದರೆ ಬರುತ್ತಾರೆ.